ಚಿತ್ರಗುಪ್ತನ ಸಹಿ

ಸೋಮವಾರ ಬೆಳಿಗ್ಗೆ ನೀಲಾಂಬಿಕಾ ನನ್ನ ಶರ್ಟಿನ ತೋಳು ಹಿಡಿದು ಎಳೆದಳು.

ಮೂರು ತಿಂಗಳಿಂದ ನಾನು ಕನಸಿನಲ್ಲಿ ಶೂಟಿಂಗ್ ಮಾಡುತ್ತಿದ್ದ ಸೀನ್ ಅದು. ಸ್ಲೋ ಮೋಷನ್, ಹಿಂದೆ ವಯಲಿನ್, ಎಲ್ಲ ಸೆಟ್ ಆಗಿತ್ತು. ಆದರೆ ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಒಳಗಿನ ಕೋಣೆಯ ಕಡೆ.

"ಅಂಜಿನಯ್ಯಾರ, ಸ್ವಲ್ಪ ಒಳಗ ಬರ್ರಿ. ಸರ್ವರ್‌ನ್ಯಾಗ ಯಾರೋ ಹೊಕ್ಕಾರ."

ವಯಲಿನ್ ಅಲ್ಲೇ ನಿಂತಿತು. ಯಾಕೆಂದರೆ ಆ ಯಾರೋ ಒಳಹೊಗಲು ಬಾಗಿಲು ತೆಗೆದವನು ನಾನೇ.

ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ಆ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ಸೆಕ್ಷನ್ ಎಂದರೆ ನಾವಿಬ್ಬರೇ. ನಾನು ದೀಪಾಂಜಲಿ ನಗರದವನು. ಕೇಬಲ್ಲು, ಪ್ರಿಂಟರು ನೋಡಿಕೊಳ್ಳುತ್ತಿದ್ದೆ. ಅವಳು ಕೊಪ್ಪಳದ ಕಡೆಯವಳು, ವಿಜಯನಗರದ ಪಿ.ಜಿ.ಯಲ್ಲಿದ್ದಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. 2004ರ ಬೇಸಿಗೆಯಲ್ಲಿ ನಾವಿಬ್ಬರೂ ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನಲ್ಲಿ ಕೂತು, ಒಂದು ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಪೋಸ್ಟ್‌ಫಿಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಿಂದ ಕಂಪನಿಗೆ ಸ್ವಂತ ಮೇಲ್ ಸರ್ವರ್ ಕಟ್ಟಿದ್ದೆವು. ಮೊದಲ ಮೇಲ್ ಹೊರಗೆ ಹೋದಾಗ ಅವಳು ನನ್ನ ಕಡೆ ತಿರುಗಿ, ಹುಬ್ಬು ಒಂಚೂರು ಮೇಲೆತ್ತಿ, ತುಟಿ ಕಚ್ಚಿ ನಕ್ಕಿದ್ದಳು. ಸರ್ವರ್ ಎದ್ದಿತು, ನಾನು ಬಿದ್ದೆ.

ಅವಳದೊಂದು ರೂಲ್ಸ್ ಇತ್ತು. ಸರ್ವರ್ ಮುಟ್ಟಿದವರು ಕೆಂಪು ನೋಟ್‌ಬುಕ್ಕಿನಲ್ಲಿ ಬರೆಯಲೇಬೇಕು. ದಿನಾಂಕ, ಏನು ಬದಲಾಯಿಸಿದ್ದು, ಕಾರಣ, ಸಹಿ. ನಾಲ್ಕು ಕಾಲಮ್ಮು.

ಶನಿವಾರ ಮಧ್ಯಾಹ್ನ ಅವಳು ಮನೆಗೆ ಹೋದ ಮೇಲೆ ನಾನು ಮುಟ್ಟಿದೆ. ಬರೆಯಲಿಲ್ಲ.

ಸರ್ವರಿನ ಒಂದು ಫೈಲಿನಲ್ಲಿ, ಯಾರು ಕೊಟ್ಟ ಪತ್ರವನ್ನು ಹೊರಗೆ ಸಾಗಿಸಬೇಕು ಎಂಬ ಸಾಲಿದೆ. ಅಲ್ಲಿ ಆಫೀಸಿನ ಕಂಪ್ಯೂಟರುಗಳ ನಂಬರ್ ಮಾತ್ರ ಇರಬೇಕು. ನಾನು ಅದನ್ನು ಅಳಿಸಿ ಸೊನ್ನೆಗಳನ್ನು ಹಾಕಿದೆ. ಅಂದರೆ ಲೋಕದಲ್ಲಿ ಯಾರು ಏನು ಕೊಟ್ಟರೂ ಸಾಗಿಸು ಎಂದರ್ಥ. ಆಮೇಲೆ ನಮ್ಮ ಏರಿಯಾದ ಬ್ರೌಸಿಂಗ್ ಸೆಂಟರಿಗೆ ಹೋಗಿ, ಆಫೀಸಿನ ಸರ್ವರ್ ಮೂಲಕವೇ, ಅವಳ ಸ್ವಂತ ಮೇಲ್ ಐಡಿಗೆ ಹೆಸರಿಲ್ಲದೆ ಒಂದು ಪ್ರೇಮಪತ್ರ ಕಳಿಸಿದೆ. ನನ್ನ ಸೀಟಿನಿಂದ ಕಳಿಸಿದರೆ ಸಿಕ್ಕಿಬೀಳುತ್ತೇನೆ ಎಂಬ ಭಯ. ಸೋಮವಾರ ಬಂದು ಸಾಲು ಸರಿಮಾಡಿದರಾಯಿತು ಎಂಬ ಧೈರ್ಯ.

ಎರಡು ದಿನದಲ್ಲಿ ಲೋಕ ಬಂದುಬಿಟ್ಟಿತ್ತು. ಸ್ಕ್ರೀನಿನ ಮೇಲೆ ಸಾಲುಗಳು ಇರುವೆಗಳ ಹಾಗೆ ಓಡುತ್ತಿದ್ದವು. ತೂಕ ಇಳಿಸುವ ಮಾತ್ರೆ, ಲಾಟರಿ, ನಕಲಿ ವಾಚು. ನಲವತ್ತು ಸಾವಿರ ಕಸದ ಪತ್ರಗಳು ನಮ್ಮ ಕಂಪನಿಯ ಹೆಸರಿನಲ್ಲಿ ಹೊರಡಲು ಸಾಲುಗಟ್ಟಿದ್ದವು. ಅದಕ್ಕೂ ಮೊದಲು ಹೊರಟವು ಎಷ್ಟೋ.

ಅವಳು ಮೊದಲು ಫೈಲಿನ ಆ ಸಾಲನ್ನು ಸರಿಮಾಡಿದಳು. ಆಮೇಲೆ ನೋಟ್‌ಬುಕ್ ತೆಗೆದಳು. ಕೊನೆಯ ಸಹಿ ಅವಳದೇ, ಶುಕ್ರವಾರದ್ದು.

"ಈ ಫೈಲ್ ಶುಕ್ರವಾರ ನಾನ ಮುಟ್ಟೀನಿ. ಆದ್ರ ಹಿಂಗ ಬರೆದದ್ದು ನೆನಪಾಗವಲ್ದು. ನನ್ನ ತಲಿಗೆ ಏನಾಗೇತ್ರಿ?"

"ಬಿಡಿ ಮೇಡಂ, ಟೆನ್ಷನ್ ತಗೋಬೇಡಿ" ಎಂದೆ. ಇಷ್ಟೇ. ಕನ್ನಡಿ ಮುಂದೆ ಪೇಜುಗಟ್ಟಲೆ ಡೈಲಾಗ್ ಹೊಡೆಯುವ ಬಾಯಿ ಅದು.

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಪ್ರಿಂಟ್ ಹಾಕಿಸಿ ಮಡಿಚಿದ್ದ ಹಾಳೆಯೊಂದನ್ನು ಬ್ಯಾಗಿನಿಂದ ತೆಗೆದಳು. "ಇನ್ನೊಂದು ಐತಿ. ಸಾರ್‌ಗೆ ಹೇಳಿಲ್ಲ. ಒಳಗ ಹೊಕ್ಕಾಂವ ನಮ್ಮ ಸರ್ವರ್‌ನಿಂದನ ನನಗ ಮೇಲ್ ಬರದಾನ."

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನನ್ನದೇ ಕನ್ನಡ.

"ನೀಲಾಂಬಿಕಾ, ನಿಮ್ಮ ಫೈಲ್ ನನ್ನ ಕೈಯಲ್ಲಿದೆ. ದಿನಾ ನಿಮ್ಮನ್ನು ನೋಡುತ್ತಿದ್ದೇನೆ. ನಿಮ್ಮ ಆಯಸ್ಸನ್ನು ನೂರು ವರ್ಷ ಮುಂದಕ್ಕೆ ಹಾಕಿದ್ದೇನೆ. ಇಂತಿ, ಚಿತ್ರಗುಪ್ತ, ಯಮಲೋಕ."

ಬರೆಯುವಾಗ ನಗು ತಡೆಯಲಾಗದೆ ಕೀಬೋರ್ಡಿನ ಮೇಲೆ ಬಿದ್ದಿದ್ದೆ. ಈಗ ಅವಳ ಕೈಯಲ್ಲಿ ನೋಡಿದರೆ, ಪ್ರತಿ ಸಾಲೂ ಚಾಕು ಹಿಡಿದು ನಿಂತಿತ್ತು.

"ದಿನಾ ನೋಡ್ತಾನಂತ. ಧಮ್ಕಿ ಅಲ್ಲೇನ್ರಿ ಇದು?" ಅವಳ ದನಿ ಇಳಿಯಿತು. "ಮುಂಜಾನೆ ಬಸ್ ಸ್ಟಾಪಿಗೆ ಬರೂಮುಂದ ಎರಡು ಸಲ ಹಿಂದಕ್ ಹೊಳ್ಳಿ ನೋಡಿದ್ನಿ."

ಹೇಳೋ ಎಂದಿತು ಎದೆ. ಹೇಳಿದರೆ ಇವಳು ನಿನ್ನನ್ನೇ ಹೊಳ್ಳಿ ಹೊಳ್ಳಿ ನೋಡುತ್ತಾಳೆ, ಆದರೆ ನೀನು ಬಯಸಿದ ಹಾಗಲ್ಲ ಎಂದಿತು ಹೊಟ್ಟೆ. ಹೊಟ್ಟೆಯೇ ಗೆದ್ದಿತು.

ಎರಡು ಗಂಟೆಗೆ ಯಜಮಾನರು ಗೋಪೀನಾಥ್ ಸಾರ್ ಸ್ಟೋರ್ ರೂಮಿಗೇ ಬಂದರು. ಎಂದೂ ಬಂದವರಲ್ಲ.

"ಪುಣೆ ಪಾರ್ಟಿಗೆ ಕಳಿಸಿದ ಡ್ರಾಯಿಂಗ್ ವಾಪಸ್ ಬಂದಿದೆ. ಪೀಣ್ಯಕ್ಕೆ ಕಳಿಸಿದ್ದೂ ವಾಪಸ್. ಏನಮ್ಮ ಇದು?"

"ನಮ್ಮ ಸರ್ವರ್ ಹೆಸರು ಬ್ಲ್ಯಾಕ್‌ಲಿಸ್ಟಿಗೆ ಹೋಗೇತ್ರಿ ಸಾರ್. ಕಸ ಕಳಿಸೋರು ಅಂತ ತಿಳ್ಕೊಂಡಾರ. ಹೆಸರು ತೆಗಿಸಾಕ ಒಂದು ವಾರ ಬೇಕಾಗ್ತೈತಿ."

"ಯಾರ ತಪ್ಪು?"

ಸರ್ವರ್ ಮುಟ್ಟಿದವರು ಸಹಿ ಹಾಕುವ ನೋಟ್‌ಬುಕ್ಕನ್ನು ಅವಳು ತೋರಿಸಿದಳು. ನಾನು ಪ್ರಿಂಟರಿನ ಕೇಬಲ್ಲು ಕಿತ್ತು ಮತ್ತೆ ಸಿಕ್ಕಿಸಿದೆ.

"ಸಂಜೆ ಐದಕ್ಕೆ ಆ ನೋಟ್‌ಬುಕ್ ತಗೊಂಡು ಬನ್ನಿ. ಕೊನೇ ಸಹಿ ಯಾರದಿದೆಯೋ ಅವರು ನಾಳೆಯಿಂದ ಬರೋದು ಬೇಡ."

ಮೂರು ಗಂಟೆ ಕಾಲ ಕಾರ್ಖಾನೆಯ ಪ್ರೆಸ್ ಮೆಷಿನ್ ನನ್ನ ತಲೆಯೊಳಗೇ ಬಡಿಯಿತು. ಅವಳು ಕಂತೆ ಕಂತೆಯಾಗಿ ಕಸದ ಪತ್ರಗಳನ್ನು ಅಳಿಸಿದಳು. ಬ್ಲ್ಯಾಕ್‌ಲಿಸ್ಟಿನವರಿಗೆ ಕ್ಷಮೆ ಕೇಳಿ ಬರೆದಳು. ಮಾಡದ ತಪ್ಪಿಗೆ. ನಾಲ್ಕೂಮುಕ್ಕಾಲಿಗೆ ಟಿಫಿನ್ ಬಾಕ್ಸ್, ಕುಡಿಯುವ ಲೋಟ, ಮಾನಿಟರಿಗೆ ಅಂಟಿಸಿದ್ದ ಪುಟ್ಟ ಕ್ಯಾಲೆಂಡರ್, ಎಲ್ಲ ಬ್ಯಾಗಿಗೆ ಸೇರಿದವು. ಆಮೇಲೆ ನನ್ನ ಕಡೆ ನೋಡಿದಳು. ಅದೇ ಕಣ್ಣು, ಆದರೆ ಹುಬ್ಬು ಮೇಲೇಳಲಿಲ್ಲ.

"ಅಂಜಿನಯ್ಯಾರ, ಇವತ್ತೊಂದಿನ ಬಸ್ ಸ್ಟಾಪ್ ತನಕ ಜೋಡಿ ಬರ್ತೀರೇನ್ರಿ? ಒಬ್ಬಾಕಿನ ಹೋಗಾಕ ಅಂಜಿಕಿ ಆಗ್ತೈತಿ. ನೀವಿದ್ರ ಧೈರ್ಯ."

ನನ್ನಿಂದ ಕಾಪಾಡಲು ನನ್ನನ್ನೇ ಕರೆಯುತ್ತಿದ್ದಳು.

ನಾನು ನೋಟ್‌ಬುಕ್ ಎಳೆದುಕೊಂಡೆ. ದಿನಾಂಕ: ಶನಿವಾರ. ಬದಲಾವಣೆ: ಪತ್ರ ಸಾಗಿಸುವ ಸಾಲನ್ನು ಲೋಕಕ್ಕೆಲ್ಲ ತೆರೆದೆ. ಮೂರನೆಯ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ಸಿನಿಮಾದಲ್ಲಾದರೆ ಇಲ್ಲೊಂದು ಪಂಚ್ ಡೈಲಾಗ್ ಬೀಳಬೇಕು, ಥಿಯೇಟರ್ ಪೂರ್ತಿ ಶಿಳ್ಳೆ. ನನಗೆ ಬಂದದ್ದು ಬೆವರು ಮಾತ್ರ.

ಕಾರಣ: ನೀಲಾಂಬಿಕಾ ಅವರನ್ನು ಇಷ್ಟಪಡುತ್ತೇನೆ. ಎದುರಿಗೆ ಹೇಳಲು ಹೆದರಿದೆ. ಚಿತ್ರಗುಪ್ತ ನಾನೇ.

ಸಹಿ ಹಾಕಿ, ಪುಸ್ತಕವನ್ನು ಅವಳ ಕಡೆ ತಿರುಗಿಸಿದೆ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಮುಖದಲ್ಲಿ ಮೊದಲು ಬಂದದ್ದು ನೆಮ್ಮದಿ. ಹಿಂದೆಯೇ ಬಂದದ್ದನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ.

"ಮುಂಜಾನಿಂದ ನಿಮಗ ಅಂಜೀನಿ ನಾ?"

"ಹೂಂ."

"ನನ್ನ ತಲಿನ ಕೆಟ್ಟೇತಿ ಅಂದ್ಕೊಂಡ್ನಿ. ಆವಾಗೂ ಬಾಜೂನ ಕುಂತಿದ್ರಿ."

"ಹೂಂ."

"ದಿನಾ ಜೋಕ್ ಹೊಡದು ನಗಸೋರು, ಒಳ್ಳೇರು ಅಂತ ನಂಬಿದ್ನಿ. ಬಸ್ ಸ್ಟಾಪಿಗೆ ನಾ ಒಬ್ಬಾಕಿನ ಹೋಗ್ತೀನಿ. ಈಗ ಅಂಜಿಕಿ ಇಲ್ಲ." ಪುಸ್ತಕವನ್ನು ನನ್ನ ಕಡೆ ತಳ್ಳಿದಳು. "ಇದನ್ನ ನೀವ ಒಯ್ರಿ."

ಗೋಪೀನಾಥ್ ಸಾರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

"ಈ ಕಾರಣ ಅನ್ನೋ ಕಾಲಮ್ಮು ಯಾರು ಹಾಕಿದ್ದೋ?"

"ನೀಲಾಂಬಿಕಾ ಮೇಡಂ, ಸಾರ್."

"ಒಳ್ಳೇ ಕೆಲಸ ಮಾಡಿದಾಳೆ. ಅವಳು ಇರ್ತಾಳೆ. ನಿನ್ನನ್ನ ಈಗಲೇ ಗೇಟಿಂದ ಆಚೆ ಹಾಕಬೇಕು. ಆದ್ರೆ ಬ್ಲ್ಯಾಕ್‌ಲಿಸ್ಟಿಂದ ಹೆಸರು ತೆಗೆಯೋ ತನಕ ಪತ್ರಗಳನ್ನ ಯಾರು ಸಾಗಿಸ್ತಾರೆ? ನಿಮ್ಮಪ್ಪನಾ? ಪ್ರಿಂಟ್ ತೆಗೆದು, ಕವರಲ್ಲಿ ಹಾಕಿ, ಬಸ್ಸಲ್ಲಿ ತಗೊಂಡು ಹೋಗಿ ಕೊಡು. ಸರ್ವರ್ ಕಡೆ ತಲೆ ಹಾಕಿ ಮಲಗಿದ್ರೂ ಕೆಲಸ ಹೋಯ್ತು ಅಂತ ತಿಳ್ಕೋ."

ಹೀಗೆ ನಾನೇ ಮೇಲ್ ಆದೆ. ಪೀಣ್ಯ, ರಾಜರಾಜೇಶ್ವರಿನಗರ, ಹೇರೋಹಳ್ಳಿಯ ಕೆಸರು ರಸ್ತೆ. ಹೊತ್ತುಕೊಂಡು ಹೋಗುವುದು, ಸಹಿ ಹಾಕಿಸಿಕೊಂಡು ಬರುವುದು. ಪ್ರತಿದಿನ ಬೆಳಿಗ್ಗೆ ಅವಳು ಮೇಜಿನ ಮೇಲೆ ಕವರುಗಳನ್ನು ಇಡುತ್ತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ. ನಾನೂ ಜೋಕ್ ಹೊಡೆಯಲಿಲ್ಲ. ಇವಳು ಇನ್ನೆಂದೂ ಈ ಕಡೆ ನೋಡದಿದ್ದರೆ ಎಂಬ ಭಯ ಕವರುಗಳ ಜೊತೆ ನನ್ನ ಚೀಲದಲ್ಲೇ ತಿರುಗಾಡಿತು.

ಒಂಬತ್ತನೆಯ ದಿನ ಅವಳು ಮಾತಾಡಿದಳು.

"ನಿನ್ನೆ ಸಂಜಿಕ ಹೆಸರು ತೆಗೆದಾರ. ಮೇಲ್ ಎಲ್ಲಾ ಹೊಂಟಾವ. ಇದೊಂದ ಕವರ್ ಉಳದೈತಿ. ಕೆಂಗೇರಿ ಬಸ್ ಹತ್ರಿ, ಅಡ್ರೆಸ್ ಬಸ್ಸಿನ್ಯಾಗ ನೋಡ್ರಿ."

ಬಸ್ಸು ಮೈಸೂರು ರೋಡಿಗೆ ತಿರುಗಿದ ಮೇಲೆ ನೋಡಿದೆ. ದುಂಡಗಿನ ಅಕ್ಷರ: "ಚಿತ್ರಗುಪ್ತ, ಯಮಲೋಕ. ಹಾಲಿ ವಾಸ: ದೀಪಾಂಜಲಿ ನಗರ."

ಕೆಲಸದಿಂದ ತೆಗೆದ ಪತ್ರವೇ ಇರಬೇಕು. ಇಲ್ಲವೆಂದರೆ ಅವಳೇ ಊರಿಗೆ ಹೊರಟಿರಬೇಕು. ಕವರು ಹರಿಯಲು ಎರಡು ಸ್ಟಾಪ್ ಬೇಕಾಯಿತು.

"ನೋಟ್‌ಬುಕ್ಕಿನ್ಯಾಗಿನ ನಿಮ್ಮ ಕಾರಣ ದಿನಾ ಓದೀನಿ, ಸಿಟ್ಟು ಇಳದೈತಿ. ನನ್ನ ಆಯಸ್ಸು ನೂರು ವರ್ಷ ಮುಂದಕ್ ಹಾಕೀರಿ. ಅಷ್ಟು ದಿನ ಒಬ್ಬಾಕಿನ ಏನ್ ಮಾಡ್ಲಿ? ಉತ್ತರ ಕಳಸಬ್ಯಾಡ್ರಿ. ಎದುರಿಗೆ ಬಂದು ಹೇಳ್ರಿ. ಸಹಿ, ನೀಲಾಂಬಿಕಾ."

 ಪತ್ರವನ್ನು ಜೇಬಿಗೆ ಹಾಕಿ, ಕಂಬಿ ಹಿಡಿದು ಎದ್ದೆ.

"ಅಣ್ಣ, ಇಲ್ಲೇ ಇಳ್ಕೋತೀನಿ."

"ಕೆಂಗೇರಿಗೆ ಟಿಕೆಟ್ ತಗೊಂಡಿದೀಯಲ್ಲೋ" ಎಂದ ಕಂಡಕ್ಟರ್.

"ಅಡ್ರೆಸ್ ರಾಜಾಜಿನಗರದಲ್ಲೇ ಇತ್ತು ಅಣ್ಣ. ನಾನೇ ಸುತ್ತಾಕ್ಕೊಂಡು ಬಂದೆ."