ಕಚ್ಚಿಟ್ಟ ರೊಟ್ಟಿ

ಎರಡನೆಯ ಚರಣದ ನಡುವೆ ಮೋಹಿರಾ ಹಾಡು ನಿಲ್ಲಿಸಿದಳು.

ರಂಗದ ಕೆಳಗೆ, ವಾದ್ಯದವರು ಕೂರುವ ತಗ್ಗಿನಲ್ಲಿ, ದೊಯಿರಾ ಎಂಬ ಚರ್ಮವಾದ್ಯ ಮಾತ್ರ ಇನ್ನೂ ನುಡಿಯುತ್ತಿತ್ತು. ಆ ಬೆರಳುಗಳು... ಅವಳ ಉಸಿರು ಎಲ್ಲಿ ಮುಗಿಯುತ್ತದೆಂದು ಬಲ್ಲ ಬೆರಳುಗಳು!

"ಅವರನ್ನ ಒಳಗೆ ಬಿಟ್ಟಿದ್ದು ಯಾರು?"

ಸಂಜರ್ ದೊಯಿರಾ ಪಕ್ಕಕ್ಕಿಟ್ಟು ಎದ್ದು ನಿಂತ. ಮೂರು ತಿಂಗಳ ಊರೂರ ಬಿಸಿಲಿಗೆ ಮುಖ ಕಪ್ಪಾಗಿತ್ತು.

"ಕಾವಲಿನವನು ಬಿಟ್ಟ. ಅವನು ನನ್ನ ನಂಬರ್ ಬ್ಲಾಕ್ ಮಾಡಿರ್ಲಿಲ್ಲ."

ವಾದ್ಯದವರು ಕಿಸಕ್ಕೆಂದರು. ಮೋಹಿರಾ ನಗಲಿಲ್ಲ. ತಾಲೀಮು ಬಿಟ್ಟು ನೇರ ಗ್ರೀನ್ ರೂಮಿಗೆ ನಡೆದಳು.

'ಬರೋದಿದ್ರೆ ಇವತ್ತೇ ಬರಬೇಕಿತ್ತಾ?'

ಇವತ್ತು ನಾಲ್ಕು ಗಂಟೆಗೆ ಅವಳನ್ನು ಕೇಳಿಕೊಂಡು ಗಂಡಿನ ಕಡೆಯವರು ಮನೆಗೆ ಬರುವವರಿದ್ದರು. ಹುಡುಗನದು ಮರ್ಗಿಲಾನಿನಲ್ಲಿ ರೇಷ್ಮೆ ಅಂಗಡಿ. ಒಳ್ಳೆಯವನೇ. ಷರತ್ತು ಒಂದೇ, ಮದುವೆಯಾದ ಮೇಲೆ ರಂಗ ಹತ್ತಬಾರದು. ಬಂದವರ ಮುಂದೆ ಎರಡು ರೊಟ್ಟಿ ಮುರಿದರೆಂದರೆ ಸಂಬಂಧ ಗಟ್ಟಿ. ಕೋಕಂದಿನ ಈ ರಂಗದ ಮೇಲೆ ಹನ್ನೊಂದು ವರ್ಷ ಹಾಡಿದ ಮೋಹಿರಾ ಹೋದ ವಾರ "ಆಗಲಿ" ಎಂದುಬಿಟ್ಟಿದ್ದಳು.

ಕಾರಣ, ಕನ್ನಡಿ ಪಕ್ಕದ ಒಂದು ಮೊಳೆ.

ಸಂಜರ್ ವಾದ್ಯತಂಡದ ಜೊತೆ ಪರವೂರಿಗೆ ಹೊರಟ ದಿನ ಅವಳು ಬಿಸಿ ರೊಟ್ಟಿ ತಂದಿದ್ದಳು. ಅವನು ಒಂದೇ ತುತ್ತು ಕಚ್ಚಿದ. ಮಿಕ್ಕದ್ದನ್ನು ಅವಳು ಆ ಮೊಳೆಗೆ ತೂಗುಹಾಕಿದಳು. ಹೋದವನು ಮರಳಿ ಬಂದು ಅದನ್ನು ತಿಂದು ಮುಗಿಸಬೇಕು. ಅಲ್ಲಿಯವರೆಗೆ ರೊಟ್ಟಿ ಕಾಯುತ್ತದೆ, ತೂಗುಹಾಕಿದವಳೂ ಕಾಯುತ್ತಾಳೆ.

ಮಧ್ಯಾಹ್ನದ ಆಟ ಮುಗಿಸಿ ಬಂದರೆ ಅವನೂ ಇರಲಿಲ್ಲ, ರೊಟ್ಟಿಯೂ ಇರಲಿಲ್ಲ!

ಕಾಯಬೇಡ ಎನ್ನುವುದಕ್ಕೆ ಇನ್ನೆಂಥ ಮಾತು ಬೇಕು? ಅಂದಿನಿಂದ ಮೇಲಿನ ಸ್ವರ ಅವಳ ಗಂಟಲಿನಲ್ಲಿ ಒಡೆಯತೊಡಗಿತ್ತು. ಹೇಗೂ ಒಡೆದ ದನಿ, ಬಿಟ್ಟರಾಯಿತು ಎಂದುಕೊಂಡಿದ್ದಳು.

"ಎರಡು ಮಾತು..." ಸಂಜರ್ ಬಾಗಿಲಲ್ಲಿ ನಿಂತಿದ್ದ.

"ರೊಟ್ಟಿ ಕಿತ್ಕೊಂಡು ಹೋದವರ ಹತ್ರ ಎಂಥಾ ಮಾತು!"

"ಕಿತ್ಕೊಂಡಿದ್ದು ನಿಜ." ಅವನು ದೊಯಿರಾ ಚೀಲದ ತಳದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ.

ರೊಟ್ಟಿ. ಕಲ್ಲಾಗಿತ್ತು. ಅಂಚಿನಲ್ಲಿ ಅದೇ ಒಂದು ಕಚ್ಚು.

"ಇದನ್ನ... ಊರೆಲ್ಲಾ ಹೊತ್ಕೊಂಡು ತಿರುಗಿದ್ರಾ?"

"ಇಲಿ..."

"ಏನು?"

"ಹೋದ ವರ್ಷ ಕೊಳಲಿನವರ ರೊಟ್ಟಿನ ಇಲಿ ತಿಂದಿತ್ತಲ್ಲ. ಅವರು ಬಸ್ಸಿಳಿಯುವಾಗ ಕಾಲು ಮುರ್ಕೊಂಡ್ರು. ನಂಗೆ ಕಾಲಿನ ಚಿಂತೆ ಇರ್ಲಿಲ್ಲ. ವಾಪಸ್ ಬರೋ ಹೊತ್ತಿಗೆ ಇಲ್ಲಿ ನನ್ನದು ಅಂತ ಏನಾದ್ರೂ ಉಳಿದಿರುತ್ತಾ ಅಂತ ಭಯ..."

ಮೂಲೆಯಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದ ಮುದುಕಿ ಸಬೋಹತ್ ಸೂಜಿ ಕೆಳಗಿಟ್ಟಳು. "ಅಯ್ಯೋ ಪೆದ್ದೇ! ಮನುಷ್ಯ ದಾರೀಲಿರ್ಬೇಕು, ರೊಟ್ಟಿ ಮನೇಲಿರ್ಬೇಕು. ನೀನು ಎರಡನ್ನೂ ಬಸ್ ಹತ್ತಿಸಿದ್ಯಾ? ಕೇಳಿದ್ರೆ ನಾನೊಂದು ಡಬ್ಬಿ ಕೊಡ್ತಿರ್ಲಿಲ್ವಾ?"

"ಬಸ್ಸು ಹಾರ್ನ್ ಹೊಡೀತಿತ್ತು. ಇವರು ರಂಗದ ಮೇಲಿದ್ರು. ಆಮೇಲೆ ಫೋನ್ ಮಾಡಿದೆ, ನಲವತ್ತು ಸಲ..."

ಮೋಹಿರಾಗೆ ನಗು ಬಂತು. ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಒಂದು ಇಲಿಯಾ! ನಗುನಗುತ್ತಲೇ ಕಣ್ಣು ತುಂಬಿತು.

ಸಂಜರ್ ರೊಟ್ಟಿ ಕಚ್ಚಿದ. ಕಟ್ ಎಂದಿತು.

"ಹಲ್ಲು ಹೋಯ್ತಾ?"

"ಇದೆ ಅನ್ಸುತ್ತೆ."

"ಚಹಾದಲ್ಲಿ ಅದ್ದಿ, ಮಾರಾಯರೇ!" ತನ್ನ ಬಟ್ಟಲನ್ನೇ ಮುಂದೆ ತಳ್ಳಿದಳು.

ಅಷ್ಟರಲ್ಲಿ ಏದುಸಿರು ಬಿಡುತ್ತಾ ಮೋಹಿರಾಳ ಚಿಕ್ಕಮ್ಮ ಒಳಗೆ ಬಂದಳು. ತೋಳಲ್ಲಿ ಬಟ್ಟೆ ಸುತ್ತಿದ ಎರಡು ರೊಟ್ಟಿ. "ಮೂರೂವರೆ ಆಯ್ತಲ್ಲೇ! ಅವರು ಹೊರಟಿದ್ದಾರಂತೆ, ನೀನಿನ್ನೂ..." ಸಂಜರನನ್ನು ಕಂಡಳು. ಅವನ ಕೈಯ ರೊಟ್ಟಿಯನ್ನೂ ಕಂಡಳು. ಬಿಡಿಸಿ ಹೇಳುವುದೇನೂ ಉಳಿಯಲಿಲ್ಲ.

ಮೋಹಿರಾಳ ಪಕ್ಕ ಕೂತಳು. "ನೋಡು ಮಗಳೇ, ನಾನು ಆ ಹುಡುಗನ ಮನೆಯವರ ಹತ್ರ ಬೇಡ್ಕೊಂಡೆ. ವರ್ಷಕ್ಕೊಂದು ಸಲ, ನವ್‌ರೋಜ್ ಹಬ್ಬಕ್ಕೆ, ಮನೆ ಹೆಂಗಸರ ಮುಂದೆ ಹಾಡ್ಬಹುದಂತೆ. ಇನ್ನೇನು ಬೇಕು ನಿಂಗೆ?"

ಮೋಹಿರಾ ಸಂಜರನ ಕಡೆ ತಿರುಗಿದಳು. "ನೀವೇನಂತೀರಿ?"

"ನೀವು ಹಾಡಿದ್ರೆ ನಾನು ಬಾರಿಸ್ತೀನಿ. ಅಷ್ಟೇ ನಂಗೆ ಗೊತ್ತಿರೋದು."

"ತಲೆ ಬೆಳ್ಳಗಾದ ಮೇಲೂ?"

"ಆಗ ಕೈ ತಾನಾಗೇ ನಡುಗುತ್ತೆ. ಬಾರಿಸೋ ಶ್ರಮಾನೇ ಇಲ್ಲ."

ಅವಳು ಒಂದು ಗುಟುಕು ಚಹಾ ಕುಡಿದಳು. ತನಗೇ ಗೊತ್ತಿಲ್ಲದಂತೆ ಎರಡನೆಯ ಚರಣ ಗುನುಗತೊಡಗಿದಳು. ಸಂಜರನ ಬೆರಳು ಮೇಜಿನ ಅಂಚಿನ ಮೇಲೆ ಮೆಲ್ಲಗೆ ಆಡಿತು. ಮೇಲಿನ ಸ್ವರ ಹತ್ತಿರ ಬಂತು... ಬಂತು... ಒಡೆಯದೆ ಏರಿ ನಿಂತಿತು! ಸಬೋಹತ್ ಮುದುಕಿ ಮೂಗೊರೆಸಿಕೊಂಡಳು.

ಚಿಕ್ಕಮ್ಮ ಬಟ್ಟೆ ಬಿಚ್ಚಿ ರೊಟ್ಟಿ ಮುಂದೆ ಹಿಡಿದಳು. "ಎಲ್ಲಾ ಸರಿ. ಈಗ ಇದನ್ನ ತಗೊಂಡು ಮನೆಗೆ ನಡಿ."

"ಇಲ್ಲ ಚಿಕ್ಕಮ್ಮ," ಎಂದಳು ಮೋಹಿರಾ. "ಆ ರೊಟ್ಟಿ ನಾನು ಮುರಿಯಲ್ಲ."