ಅಪ್ಪನ ವ್ಯಾನು ಯಾರ ಹೆಸರಿಗೆ?

ವೀಲ್ ಸ್ಪ್ಯಾನರ್ ಅವನ ಹುಬ್ಬಿಗೆ ಬಿದ್ದಾಗ ಟಪ್ಪೆಂದು ಸದ್ದಾಯಿತು.

ರಕ್ತ ಕಣ್ಣಿನೊಳಗೆ ಇಳಿಯಿತು. ಅವನು ವ್ಯಾನಿನ ಬಾಗಿಲು ಹಿಡಿದು ನಿಂತನೇ ಹೊರತು ಕೈ ಎತ್ತಲಿಲ್ಲ. ಅವಳು ಮಾತ್ರ ಸ್ಪ್ಯಾನರನ್ನು ಮತ್ತೆ ಎತ್ತಿ ಹಿಡಿದಿದ್ದಳು.

"ಇದು ನಮ್ಮಪ್ಪನ ವ್ಯಾನು. ಮುಟ್ಟಿದ್ರೆ ಇನ್ನೊಂದು ಬೀಳತ್ತೆ."

ಏಟು ತಿಂದವನು ಪಕ್ಕದ ಬೀದಿಯ ಹೊಸ ಮೆಕ್ಯಾನಿಕ್. ವ್ಯಾನನ್ನು ಅವಳ ಅಣ್ಣನಿಂದ ಕೊಂಡು, ಒಯ್ಯಲು ಬಂದಿದ್ದ. ಅಂಗಿಯ ಜೇಬಿನಿಂದ ವರ್ಗಾವಣೆಯ ಫಾರಂ ತೆಗೆದು ಅವಳೆದುರು ಹಿಡಿದ. ಮಾರುವವರ ಜಾಗದಲ್ಲಿ ಅಪ್ಪನ ಸಹಿ ಇತ್ತು. ಅದರ ಪಕ್ಕ ಕಳೆದ ವಾರದ ತಾರೀಕು.

"ಅಪ್ಪ ಸತ್ತು ಐದು ತಿಂಗಳಾಯ್ತು," ಎಂದಳು. "ಸಹಿ ಹಾಕೋಕೆ ಎದ್ದು ಬಂದಿದ್ರಾ?"

ಅವನ ಮುಖ ಬಿಳಿಚಿಕೊಂಡಿತು. ಫಾರಂ ಮಡಚಿ ಜೇಬಿಗಿಟ್ಟು, "ನೀವೇ ಓಡಿಸ್ತಾ ಇರಿ," ಎಂದಷ್ಟೇ ಹೇಳಿ ಹೊರಟುಹೋದ. ನೆಲದ ಮೇಲೆ ಗೇಟಿನವರೆಗೂ ರಕ್ತದ ಹನಿ.

ಆದದ್ದಿಷ್ಟೇ. ವ್ಯಾನು ಕೊಂಡ ದಿನವೇ ಅಪ್ಪ ಒಂದು ಖಾಲಿ ಫಾರಂಗೆ ಸಹಿ ಹಾಕಿ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದರು. ನಾಳೆ ತನಗೇನಾದರೂ ಆದರೆ ಮಕ್ಕಳು ಆಫೀಸಿಂದ ಆಫೀಸಿಗೆ ಅಲೆಯಬಾರದಂತೆ! ಪುಣ್ಯಾತ್ಮ ಪ್ರೀತಿಯಿಂದ ಮಾಡಿದ ತಪ್ಪು ಅದು. ಅಣ್ಣನ ಕೈಗೆ ಸಿಕ್ಕಿದ್ದು ಅದೇ ಫಾರಂ.

ಅವಳ ಹೊಟ್ಟೆಪಾಡೆಲ್ಲ ಆ ವ್ಯಾನಿನ ಮೇಲೆ ನಿಂತಿತ್ತು. ದಿನಾ ಬೆಳಿಗ್ಗೆ ಲಾಂಡ್ರಿಯಿಂದ ಮೂರು ಆಸ್ಪತ್ರೆಗಳಿಗೆ ಒಗೆದ ಚಾದರಗಳ ಗಂಟು ಸಾಗಿಸುವವಳು ಅವಳು. ಗಂಟಲು ದೊಡ್ಡದೆಂದು ಅಪ್ಪ 'ಹಾರನ್' ಎಂದು ಕರೆಯುತ್ತಿದ್ದರು, ಲಾಂಡ್ರಿಯ ಹೆಂಗಸರಿಗೂ ಅದೇ ಹೆಸರು ರೂಢಿಯಾಗಿತ್ತು.

ಅಂದು ಸಂಜೆ ಅಣ್ಣ ಮನೆಗೆ ನುಗ್ಗಿದ. ಕಪಾಳಕ್ಕೆ ಬಿಗಿದ. ಅವಳು ಬಾಗಿಲ ಚೌಕಟ್ಟಿಗೆ ಬಿದ್ದಳು, ತುಟಿ ಒಡೆಯಿತು. ಗಿರಾಕಿಯ ತಲೆ ಒಡೆದವಳ ಕೈಕಾಲು ಮುರಿದು ಮೂಲೆಗೆ ಕೂರಿಸುತ್ತೇನೆಂದು ಕೂಗಾಡಿ ಹೋದ.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಬಂದ. ಅವಳ ಒಡೆದ ತುಟಿ ನೋಡಿದ. ಜಾರುತ್ತಿದ್ದ ಕ್ಲಚ್ಚನ್ನು ಸರಿಮಾಡಿ, ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಹೋದ. ಹೀಗೇ ಒಂದು ವಾರ. ದಿನಕ್ಕೊಂದು ನೆಪ, ದಿನಕ್ಕೊಂದು ನಟ್ಟು.

'ಯಾಕೆ ಬರ್ತಾನೆ ಇವನು? ಬರದಿದ್ರೆ ನನಗ್ಯಾಕೆ ದಾರಿ ನೋಡೋ ಹಾಗಾಗತ್ತೆ?'

ಎಂಟನೇ ದಿನ ಅಣ್ಣನ ಅಂಗಡಿಯ ಮುಂದೆ ಹಾದುಹೋಗುವಾಗ ಅವಳ ಕಾಲು ಬ್ರೇಕಿನ ಮೇಲೆ ಬಿತ್ತು. ಒಳಗೆ ಅಣ್ಣ ಕಾಗದಕ್ಕೆ ಸಹಿ ಹಾಕುತ್ತಿದ್ದ. ಮೆಕ್ಯಾನಿಕ್ ಪಕ್ಕದಲ್ಲೇ ನಿಂತು, ಬೆರಳಿಟ್ಟು ಜಾಗ ತೋರಿಸುತ್ತಿದ್ದ.

ಹಾಲು ಕೊಟ್ಟ ಹಾಗೆ ಮಾಡಿ ವಿಷ ಬೆರೆಸಿದನಲ್ಲ...

ನೇರ ಗ್ಯಾರೇಜಿಗೆ ಹೋಗಿ ಕಾದಳು. ಅವನು ಬಂದೊಡನೆ ಕೆನ್ನೆಗೆ ಬಾರಿಸಿದಳು. ಅವನು ಕೆನ್ನೆ ಉಜ್ಜಿಕೊಂಡು, ಇನ್ನೆರಡು ದಿನ ತಾಳಿ ಎಂದ.

"ತಾಳಿದವರು ಬಾಳ್ತಾರಂತೆ. ನನ್ನ ಬಾಳು ನೋಡಾಯ್ತಲ್ಲ!" ಎಂದವಳೇ ಅಳು ಕಾಣದಿರಲೆಂದು ಬೆನ್ನು ತಿರುಗಿಸಿದಳು.

ಆ ಎರಡು ದಿನ ಮುಗಿಯುವ ಮೊದಲೇ ಅಣ್ಣ ಕಬ್ಬಿಣದ ರಾಡು ಹಿಡಿದು ಲಾಂಡ್ರಿಯ ಅಂಗಳಕ್ಕೆ ನುಗ್ಗಿದ. ಮೊದಲ ಏಟಿಗೆ ವ್ಯಾನಿನ ಮುಂದಿನ ಗಾಜು ಪುಡಿಯಾಯಿತು, ಎರಡನೆಯದಕ್ಕೆ ದೀಪ. ಅವಳು ಅಡ್ಡ ನಿಂತಳು. ಮೂರನೆಯದು ಅವಳ ತಲೆಗೇ ಬರುತ್ತಿತ್ತು...

ಯಾರೋ ಅವಳನ್ನು ಪಕ್ಕಕ್ಕೆ ತಳ್ಳಿದರು. ರಾಡು ಮೆಕ್ಯಾನಿಕ್‌ನ ಬಲಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅಂಗಳಕ್ಕೆಲ್ಲ ಕೇಳಿತು, ಚರ್ಮ ಸೀಳಿ ರಕ್ತ ಚಿಮ್ಮಿತು. ಬಿದ್ದವನ ಪಕ್ಕೆಗೆ ಅಣ್ಣ ಒದೆಯುತ್ತಲೇ ಇದ್ದ.

"ಸತ್ತವನ ಸಹಿ, ಪೊಲೀಸು ಅಂತ ಹೆದರಿಸಿ ನನ್ನ ಕೈಲಿ ತಕರಾರಿಲ್ಲ ಅಂತ ಬರೆಸ್ಕೊಂಡು, ವ್ಯಾನು ಇವಳ ಹೆಸರಿಗೆ ಮಾಡಿಸ್ತೀಯಾ?"

ಅವಳ ಕಿವಿ ಗುಂಯ್ ಎಂದಿತು. ಇವಳ ಹೆಸರಿಗೆ... ನನ್ನ ಹೆಸರಿಗೆ!

ಅವಳ ಸ್ಪ್ಯಾನರ್ ಅಣ್ಣನ ಮೊಣಕಾಲಿಗೆ ಬಿತ್ತು. ಅವನು ಕುಸಿದ. ಉಳಿದದ್ದನ್ನು ಲಾಂಡ್ರಿಯ ಹೆಂಗಸರು ನೋಡಿಕೊಂಡರು. ಒದ್ದೆ ಚಾದರಗಳಲ್ಲಿ ಸುತ್ತಿ, ಹಿಂಡಿ, ಗಂಟು ಕಟ್ಟಿ ಪೊಲೀಸರಿಗೆ ಒಪ್ಪಿಸಿದರು. ಅವಳು ಮೆಕ್ಯಾನಿಕ್‌ನನ್ನು ಒಗೆದ ಗಂಟುಗಳ ಮೇಲೆ ಮಲಗಿಸಿ, ಗಾಜಿಲ್ಲದ ವ್ಯಾನನ್ನು ಆಸ್ಪತ್ರೆಗೆ ಓಡಿಸಿದಳು. ಬಿಳಿ ಚಾದರಗಳೆಲ್ಲ ಕೆಂಪಾದವು. ದಾರಿಯುದ್ದಕ್ಕೂ ಅವಳು ಅತ್ತಳು.

ಮೂರು ವಾರ ಕಳೆಯಿತು. ಹೊಸ ಫಾರಂಗೆ ವ್ಯಾನಿನ ಚೌಕಟ್ಟಿನ ಮೇಲೆ ಕೊರೆದ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕಿತ್ತು. ಅವಳು ವ್ಯಾನಿನ ಕೆಳಗೆ ಅಂಗಾತ ಮಲಗಿ, ಕಬ್ಬಿಣದ ಮೇಲೆ ಕಾಗದವಿಟ್ಟು ಉಜ್ಜತೊಡಗಿದಳು. ಪಕ್ಕದಲ್ಲೇ ಮಲಗಿದ ಅವನು ಎಡಗೈಯಲ್ಲಿ ಟಾರ್ಚು ಹಿಡಿದಿದ್ದ. ಬಲಗೈ ಪ್ಲಾಸ್ಟರಿನಲ್ಲಿತ್ತು.

"ನನಗ್ಯಾಕೆ ಮೊದಲೇ ಹೇಳ್ಲಿಲ್ಲ?"

"ಹೇಳಿದ್ರೆ ಸ್ಪ್ಯಾನರ್ ಹಿಡ್ಕೊಂಡು ಹೋಗ್ತಿದ್ರಿ. ಅವನು ಸಹಿ ಹಾಕ್ತಿರಲಿಲ್ಲ."

ನಿಜವೇ. ಅವಳು ಉಜ್ಜುವುದನ್ನು ನಿಲ್ಲಿಸಿ ಅವನ ಹುಬ್ಬಿನ ಗಾಯದ ಗುರುತನ್ನು ಮುಟ್ಟಿದಳು. ಪೆನ್ಸಿಲಿನ ಕರಿ ಅಲ್ಲಿ ಅಂಟಿತು. ಟಾರ್ಚಿನ ಬೆಳಕು ಅಲುಗಾಡಿತು.

"ಕ್ಷಮಿಸ್ತೀರಾ?"

"ನಂಬರ್ ಸರಿಯಾಗಿ ಬರಲಿ, ಆಮೇಲೆ ನೋಡೋಣ," ಎಂದ, ಧ್ವನಿ ಮಾತ್ರ ಒದ್ದೆಯಾಗಿತ್ತು.

ಆಫೀಸಿನ ಗುಮಾಸ್ತರು ಕಾಗದಗಳನ್ನು ಒಂದೊಂದಾಗಿ ತಿರುವಿದರು. ಮರಣಪತ್ರ, ಅಣ್ಣನ ಒಪ್ಪಿಗೆ, ಚಾಸಿ ನಂಬರಿನ ಅಚ್ಚು, ಎಲ್ಲವೂ ಸರಿಯಿತ್ತು. ತಂದೆಯಿಂದ ಮಗಳಿಗೆ. ಅವಳು ಸಹಿ ಹಾಕುವಾಗ ಕಣ್ಣು ಮಂಜಾಯಿತು. ಅಪ್ಪಾ, ವ್ಯಾನು ಮನೆಯಲ್ಲೇ ಉಳಿಯಿತು ನೋಡು...

ಸಾಕ್ಷಿಯಾಗಿ ಮೆಕ್ಯಾನಿಕ್ ಬಂದಿದ್ದ. ಬಲಗೈ ಆಗದಿದ್ದರೆ ಎಡ ಹೆಬ್ಬೆಟ್ಟು ಸಾಕೆಂದರು. ಅವಳೇ ಅವನ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿದಳು. ಬಿಡುವುದನ್ನು ಮರೆತಳು.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಇವರು ನಿಮಗೆ ಏನಾಗಬೇಕಮ್ಮ?"

ಅವನು ಏನೋ ಹೇಳಲು ಬಾಯಿ ತೆರೆದ. ಹಾರನ್ ಅವನಿಗಿಂತ ಮುಂಚೆ ಕೂಗಿತು.

"ಗಂಡ ಆಗಬೇಕು."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತರು ಹಾಗೊಂದು ಕಾಲಂ ಇಲ್ಲವೆಂದು ಗೊಣಗಿ, 'ಪರಿಚಯಸ್ಥ' ಎಂದು ಬರೆದುಕೊಂಡರು.

ಅವನು ಅವಳ ಕಿವಿಯ ಬಳಿ ಬಾಗಿದ.

"ನನ್ನನ್ನ ಒಂದು ಮಾತು ಕೇಳ್ಲೇ ಇಲ್ಲ."

"ಕೇಳ್ಬೇಕಿತ್ತಾ?"

"ಸ್ಪ್ಯಾನರ್ ಎಲ್ಲಿದೆ?"

"ಸೀಟಿನ ಕೆಳಗೆ."

"ಹಾಗಾದ್ರೆ ತಕರಾರಿಲ್ಲ," ಎಂದು ಶಾಯಿಯ ಹೆಬ್ಬೆರಳಿನಿಂದಲೇ ಅವಳ ಕಣ್ಣೀರು ಒರೆಸಿದ.