ಸೈಕಲ್ ತಾತನ ಹ್ಯಾಂಡಲ್

ಅಮ್ಮನ ಕೈಯಲ್ಲಿ ಚಿಮಟವಿತ್ತು. ಮೇಜಿನ ಮೇಲೆ ಕೆಂಪು ಸ್ಟಿಕ್ಕರ್ ಹಾಳೆ. ಕಟಿಂಗ್ ಮಷಿನ್ನು ಅಕ್ಷರಗಳ ಸುತ್ತ ಸಣ್ಣಗೆ ಕೊಯ್ದು ಬಿಟ್ಟಿತ್ತು. ಇನ್ನು ಬೇಡದ ಭಾಗವನ್ನೆಲ್ಲ ಕಿತ್ತು ತೆಗೆಯಬೇಕು, ಅಕ್ಷರಗಳು ಮಾತ್ರ ಹಾಳೆಯ ಮೇಲೆ ಉಳಿಯಬೇಕು. ಅಮ್ಮ ಉಸಿರು ಬಿಗಿಹಿಡಿದು ಒಂದು ಅಕ್ಷರದ ಹೊಟ್ಟೆಯೊಳಗಿದ್ದ ಚೂರನ್ನು ಎತ್ತುತ್ತಿದ್ದಳು.

“ಅಮ್ಮ, ತಾತನ ಸೈಕಲ್ ಏನಾಯ್ತು?” ಎನ್ನುತ್ತ ಮಗಳು ಸ್ಕೂಲ್ ಬ್ಯಾಗನ್ನು ಪೇಪರ್ ಕಟ್ಟುಗಳ ಮೇಲೆ ಎಸೆದಳು.

“ಮೊದ್ಲು ಕೈ ತೊಳ್ಕೊಂಡು ಬಾ. ಹೋದ ಸಲ ನೀನು ಮುಟ್ಟಿದ ನೂರು ಕಾರ್ಡಿಗೂ ನಿನ್ನ ಬೆರಳೇ ಪ್ರಿಂಟ್ ಆಗಿತ್ತು.”

ಆ ನೂರು ಕಾರ್ಡುಗಳಿಂದಲೇ ಅವಳಿಗೆ ಅಂಗಡಿಯಲ್ಲಿ ಅವಸರಮ್ಮ ಎಂಬ ಹೆಸರು ಬಂದದ್ದು. ಶಾಯಿ ಆರುವ ತನಕ ಕಾಯುವ ಜಾಯಮಾನ ಅವಳದಲ್ಲ. ಹೆಸರಿಟ್ಟವನು ಮಷಿನ್ ಮಾಮ. ಅಮ್ಮನ ಪುಟ್ಟ ಪ್ರೆಸ್ಸಿನ ಎರಡು ಮಷಿನ್ನುಗಳನ್ನೂ ಓಡಿಸುವವನು ಅವನೇ.

ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿ ಮಾಡುವ ತಾತ ಶನಿವಾರ ಹೊಸ ಅಂಗಡಿಗೆ ಹೋಗುವವನಿದ್ದ. ಅದರ ಗಾಜಿನ ಬಾಗಿಲಿಗೆ ದೊಡ್ಡದೊಂದು ಸೈಕಲ್ ಸ್ಟಿಕ್ಕರ್ ಬೇಕೆಂದು ತನ್ನ ಹಳೇ ಕಾರ್ಡನ್ನು ಕೊಟ್ಟುಹೋಗಿದ್ದ. ಅದರಲ್ಲಿದ್ದ ಸೈಕಲ್ ಉಗುರಿನಷ್ಟು. ಮಷಿನ್ ಮಾಮ ಅದನ್ನು ಸ್ಕ್ಯಾನ್ ಮಾಡಿ, ಬಾಗಿಲಿನಷ್ಟು ದೊಡ್ಡದು ಮಾಡಿ ಇಟ್ಟಿದ್ದ.

“ನೋಡು ಅವಸರಮ್ಮ, ಚಕ್ರ ಹೋಗಿ ಮೆಟ್ಟಿಲಾಗಿದೆ. ಇದನ್ನ ಓಡಿಸೋಕಾಗಲ್ಲ, ಹತ್ತಿ ಇಳೀಬೇಕು ಅಷ್ಟೆ.”

“ಅದು ಫೋಟೋ ಅಲ್ವಾ ಮಾಮ, ಅದಕ್ಕೆ. ಫೋಟೋ ಒಳಗೆ ಬರೀ ಚೌಕ ಇರುತ್ತಂತೆ. ದೊಡ್ಡದು ಮಾಡಿದ್ರೆ ಚೌಕಾನೂ ದೊಡ್ಡದಾಗುತ್ತೆ. ವೆಕ್ಟರ್ ಆದ್ರೆ ಗೆರೆ. ಗೆರೇನ ಎಷ್ಟು ಎಳೆದ್ರೂ ಗೆರೇನೇ. ನಮ್ಮ ಕಂಪ್ಯೂಟರ್ ಮಿಸ್ ಹೇಳಿಕೊಟ್ಟಿದ್ದಾರೆ.”

ಕಟಿಂಗ್ ಮಷಿನ್ನಿಗೂ ಗೆರೆಯೇ ಬೇಕು. ಗೆರೆ ಸಿಕ್ಕರೆ ಅದರ ಮೇಲೇ ಬ್ಲೇಡು ಓಡುತ್ತದೆ. ಇಷ್ಟು ದಿನ ಅಂಥ ಗೆರೆಗಳನ್ನೆಲ್ಲ ಡಿಸೈನರ್ ಅಕ್ಕ ತನ್ನ ಲ್ಯಾಪ್‌ಟಾಪಿನಲ್ಲಿ ಎಳೆದು ಕೊಡುತ್ತಿದ್ದಳು. ಈಗ ಅವಳಿಗೆ ಪಾಪು ಹುಟ್ಟಿದೆ. ಅವಳೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ.

“ದೊಡ್ಡ ರಸ್ತೆ ಸ್ಟಿಕ್ಕರ್ ಅಂಗಡಿಗೆ ಕೊಟ್ಟು ಮಾಡಿಸಿಬಿಡೋಣ ಅಕ್ಕ,” ಎಂದ ಮಷಿನ್ ಮಾಮ ಅಮ್ಮನಿಗೆ.

“ಇವತ್ತು ಸೈಕಲ್, ನಾಳೆ ಇನ್ನೇನೋ. ಪ್ರತಿ ಸಲ ಇನ್ನೊಬ್ರ ಬಾಗಿಲು ಕಾಯ್ತಾ ಕೂರೋದಾ? ಈ ಸಲ ನಾನೇ ಕಲೀತೀನಿ.” ಅಮ್ಮ ಇದನ್ನು ದೊಡ್ಡ ದನಿಯಲ್ಲೇನೂ ಹೇಳಲಿಲ್ಲ. ಚಿಮಟವನ್ನು ಡಬ್ಬಿಗೆ ಹಾಕುತ್ತ ಹೇಳಿದಳು.

ಆಯ್ಕೆಗೆ ಮೂರು ಸಾಫ್ಟ್‌ವೇರ್ ಇದ್ದವು. ಅಮ್ಮ ಮೂರಕ್ಕೂ ಒಂದೇ ಪರೀಕ್ಷೆ ಇಟ್ಟಳು: ಒಂದು ವೃತ್ತ ಬರೆಯಬೇಕು, ಅದನ್ನು ಕಟಿಂಗ್ ಮಷಿನ್ನಿಗೆ ಕಳಿಸಬೇಕು. ಡಿಸೈನರ್ ಅಕ್ಕ ಬಳಸುತ್ತಿದ್ದುದನ್ನು ತೆರೆದ ಕೂಡಲೇ ಅಂಗಡಿಯ ಹಳೇ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಎರಡನೆಯದು ಇಂಟರ್‌ನೆಟ್ಟಿನಲ್ಲೇ ನಡೆಯುವಂಥದು. ವೃತ್ತ ಬರೆದು ಮುಗಿಸುವಷ್ಟರಲ್ಲಿ ನೆಟ್ ಹೋಯಿತು, ಅದರ ಹಿಂದೆಯೇ ವೃತ್ತವೂ ಹೋಯಿತು. ಮೂರನೆಯದು ನೋಡಲು ಅಷ್ಟೇನೂ ಚೆಂದವಿರಲಿಲ್ಲ. ಆದರೆ ಬ್ಲೇಡು ಗಿರ್ರೆಂದು ಒಂದು ಸುತ್ತು ಹೊಡೆಯಿತು, ಬಟ್ಟಲಿನ ಬಾಯಿಯಷ್ಟು ದುಂಡನೆಯ ವೃತ್ತ ಹಾಳೆಯಿಂದ ಎದ್ದು ಬಂತು.

“ನಮ್ಮ ಸ್ಕೂಲಲ್ಲೂ ಇದೇ ಅಮ್ಮ. ಇದು ಫ್ರೀ.”

“ಬಿಟ್ಟಿ ಬಂದಿದ್ದು ಗಟ್ಟಿ ಇರುತ್ತಾ ಅಕ್ಕ?” ಮಷಿನ್ ಮಾಮನಿಗೆ ಅನುಮಾನ.

“ಬ್ಲೇಡಿಗೆ ಬೆಲೆ ಎಲ್ಲಿ ಗೊತ್ತಾಗುತ್ತೆ? ಗೆರೆ ಗೊತ್ತಾದ್ರೆ ಸಾಕು,” ಎಂದಳು ಅಮ್ಮ.

ಹಾಳಾದ ವಿಸಿಟಿಂಗ್ ಕಾರ್ಡುಗಳ ಹಿಂಬದಿ ಖಾಲಿ ಇರುತ್ತದಲ್ಲ, ಅಂಥ ಒಂದಷ್ಟನ್ನು ಅಮ್ಮ ಪಕ್ಕದಲ್ಲಿ ಇಟ್ಟುಕೊಂಡಳು. ಮೌಸ್ ಒಂದು ಸಲ ಒತ್ತುವುದು, ಕಾರ್ಡಿನಲ್ಲಿ ಒಂದು ಸಾಲು ಬರೆದುಕೊಳ್ಳುವುದು. ಮತ್ತೆ ಒತ್ತುವುದು, ಮತ್ತೆ ಬರೆಯುವುದು. ಪಕ್ಕದಲ್ಲಿ ಕೂತ ಅವಸರಮ್ಮನಿಗೆ ಮೈಯೆಲ್ಲ ಇರುವೆ ಹರಿದಂತಾಯಿತು.

“ಅದಲ್ಲಮ್ಮ. ಬಾಣದ ಗುರುತು. ಮೇಲೆ. ಇನ್ನೂ ಮೇಲೆ. ಕಾಣಿಸ್ತಿಲ್ವಾ?”

“ಇರು, ಹುಡುಕ್ತಿದ್ದೀನಿ.”

“ಕೊಡಮ್ಮ ಇಲ್ಲಿ, ನಾನು ಮಾಡ್ತೀನಿ.”

ಮೌಸ್ ಅಮ್ಮನ ಕೈಯಿಂದ ಮಗಳ ಕೈಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅಮ್ಮ ಮತ್ತೆ ತೆಗೆದುಕೊಂಡಳು. ಮತ್ತೆ ಹೋಯಿತು. ಮಂಗಳವಾರ ಸಂಜೆ ಅಮ್ಮ ಗಿರಾಕಿಯೊಬ್ಬರಿಗೆ ಪಾರ್ಸೆಲ್ ಕಟ್ಟಿಕೊಟ್ಟು ಬರುವಷ್ಟರಲ್ಲಿ ಅವಸರಮ್ಮ ಇಡೀ ಸೈಕಲ್ಲನ್ನೇ ಮುಗಿಸಿ ಕೂತಿದ್ದಳು.

“ಅಬ್ಬಬ್ಬಾ, ಅವಸರಮ್ಮ ಹೋಗಿ ಡಿಸೈನರಮ್ಮ ಆದ್ಲು,” ಎಂದ ಮಷಿನ್ ಮಾಮ.

“ಚೆನ್ನಾಗಿದೆ,” ಎಂದಳು ಅಮ್ಮ. ಆಮೇಲೆ ಒಂದು ಕಾರ್ಡಿನಲ್ಲಿ ಏನೋ ಬರೆದು ಡ್ರಾಯರಿನೊಳಗೆ ಇಟ್ಟಳು.

ಬುಧವಾರ ಸ್ಕೂಲಿನಿಂದ ಬಂದಾಗ ಪರದೆಯ ಮೇಲಿನ ಸೈಕಲ್ಲಿಗೆ ಏನೋ ಆಗಿತ್ತು. ಹ್ಯಾಂಡಲ್ ಚಕ್ರದ ಕೆಳಗೆ ಬಿದ್ದಿತ್ತು. ಸೀಟು ಆಕಾಶದಲ್ಲಿತ್ತು.

“ಆಕ್ಸಿಡೆಂಟಾ?” ಎಂದು ಅವಸರಮ್ಮ ನಕ್ಕಳು. ಅಮ್ಮ ಒಳಗೆ ಪೇಪರ್ ಎಣಿಸುತ್ತಿದ್ದಳು.

ಮಷಿನ್ ಮಾಮ ದನಿ ತಗ್ಗಿಸಿದ. “ಬೆಳಗ್ಗೆ ತಾತ ಬಂದಿದ್ರು. ‘ನನ್ನ ಸೈಕಲ್ ಹ್ಯಾಂಡಲ್ ಹೀಗಿಲ್ಲ, ಆಡಿನ ಕೊಂಬಿನ ಥರ ಕೆಳಕ್ಕೆ ಬಗ್ಗಿದೆ’ ಅಂದ್ರು. ನಿಮ್ಮಮ್ಮ ಸರಿ ಮಾಡೋಕೆ ಕೂತ್ರು. ಒಂದನ್ನ ಎಳೆದ್ರೆ ಇನ್ನೊಂದು ಬರ್ತಿತ್ತು. ತಾತ ಪಾಪ ಅರ್ಧ ಗಂಟೆ ಕಾದ್ರು.”

“ಆಮೇಲೆ?”

“‘ಇರ್ಲಿ ಬಿಡಮ್ಮ, ಮಗಳು ಬಂದ್ಮೇಲೆ ಮಾಡಿಸು’ ಅಂತ ಎದ್ದು ಹೋದ್ರು.”

“ಅಮ್ಮ ಏನಂದ್ಲು?”

“ಹೂಂ ಅಂದ್ರು.”

ಅದೇನು ಮಹಾ, ಎರಡು ನಿಮಿಷದ ಕೆಲಸ. ಅವಸರಮ್ಮ ಕುರ್ಚಿ ಎಳೆದುಕೊಂಡಳು. ಆಡಿನ ಕೊಂಬನ್ನು ಮೊದಲು ಕಾಗದದ ಮೇಲೆ ಬರೆದು ನೋಡೋಣವೆಂದು ಪೆನ್ಸಿಲ್ಲಿಗಾಗಿ ಡ್ರಾಯರ್ ತೆರೆದಳು. ಅಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳಿದ್ದವು. ಅಮ್ಮನ ಗುಂಡಗಿನ ಅಕ್ಷರ.

ಮೊದಲನೇ ಕಾರ್ಡಿನ ತಲೆಯಲ್ಲಿ ‘ಚಕ್ರ ಬರೆಯುವುದು’ ಎಂದಿತ್ತು. ಕೆಳಗೆ ಮೂರು ಸಾಲು. ಪ್ರತಿ ಸಾಲಿನ ಪಕ್ಕದಲ್ಲಿ ಒತ್ತಬೇಕಾದ ಗುರುತಿನ ಪುಟ್ಟ ಚಿತ್ರ. ನಾಲ್ಕನೇ ಸಾಲಿನಲ್ಲಿ, ‘ಆಮೇಲೆ ಮಗಳು ಮಾಡಿದಳು.’

ಎರಡನೇ ಕಾರ್ಡು, ‘ಗೆರೆ ಬಗ್ಗಿಸುವುದು’. ಎರಡೇ ಸಾಲು. ‘ಆಮೇಲೆ ಮಗಳು ಮಾಡಿದಳು.’

ಮೂರನೆಯದರಲ್ಲಿ ‘ಹ್ಯಾಂಡಲ್’ ಎಂದಷ್ಟೇ ಇತ್ತು. ಅದರ ಕೆಳಗೆ, ‘ಮಗಳು ಮಾಡಿದಳು.’

ಅವಸರಮ್ಮ ಅದನ್ನು ಮತ್ತೊಮ್ಮೆ ಓದಿದಳು. ಆ ಸಾಲುಗಳಲ್ಲಿ ಕೋಪವಿರಲಿಲ್ಲ. ‘ಇವತ್ತು ಕರೆಂಟ್ ಇರಲಿಲ್ಲ’ ಎಂದು ಬರೆದಿಟ್ಟ ಹಾಗಿತ್ತು. ಕೋಪವಿದ್ದಿದ್ದರೇ ವಾಸಿಯಿತ್ತು. ಅವಳ ಕಿವಿ ಬಿಸಿಯಾಯಿತು. ಕಾರ್ಡುಗಳನ್ನು ಇದ್ದ ಹಾಗೆಯೇ ಇಟ್ಟು ಡ್ರಾಯರನ್ನು ಸದ್ದಾಗದಂತೆ ಮುಚ್ಚಿದಳು.

“ಅಮ್ಮ, ಬಾ ಇಲ್ಲಿ. ಈ ಹ್ಯಾಂಡಲ್ ಸರಿಯಾಗಿಲ್ಲ.”

“ಗೊತ್ತು. ನೀನೇ ಸರಿ ಮಾಡಿಬಿಡು. ನಾಳಿದ್ದು ಕೊಡಬೇಕು.”

“ನಂಗೆ ಆಡಿನ ಕೊಂಬು ಬರಲ್ಲ. ನೀನೇ ಮಾಡು.”

ಅಮ್ಮ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತಳು. ಅವಸರಮ್ಮ ಪಕ್ಕದ ಬೆತ್ತದ ಸ್ಟೂಲಿಗೆ ಸರಿದು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಭಾರ ಹಾಕಿ ಕೂತಳು.

ಬಾಣ ತಪ್ಪು ಜಾಗಕ್ಕೆ ಹೋಯಿತು. ಅಲ್ಲಲ್ಲಮ್ಮ ಎಂಬ ಮಾತು ಹಲ್ಲಿನವರೆಗೆ ಬಂದು ನಿಂತಿತು. “ಇದಲ್ಲ,” ಎಂದಳು ಅಮ್ಮ ತನಗೆ ತಾನೇ. “ಇದೂ ಅಲ್ಲ.” ಮಷಿನ್ ಮಾಮ ಎರಡು ಸಲ ಇಣುಕಿ ಹೋದ. ಸೀಟು ಆಕಾಶದಿಂದ ಇಳಿದು ತನ್ನ ಜಾಗಕ್ಕೆ ಬಂತು. ಕೊನೆಗೆ ಹ್ಯಾಂಡಲಿನ ಗೆರೆಯೂ ಸಿಕ್ಕಿತು. ಅದರ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳಿದ್ದವು.

“ಇಷ್ಟೊಂದು ಚುಕ್ಕಿ ಯಾಕೆ ಹಾಕಿದ್ದೀಯ?”

“ಜಾಸ್ತಿ ಹಾಕಿದ್ರೆ ಚೆನ್ನಾಗಿ ಬರುತ್ತೆ ಅಂದ್ಕೊಂಡೆ.”

“ಪ್ರತಿ ಚುಕ್ಕೀಲೂ ಬ್ಲೇಡು ಒಂದೊಂದು ಸಲ ತಡವರಿಸುತ್ತೆ ಕಣೇ. ಅಲ್ಲೇ ಅಂಚು ಹರುಕಲಾಗೋದು. ಚಿಮಟ ಹಿಡಿದ ಕೈಗೆ ಅದು ಗೊತ್ತಾಗುತ್ತೆ.”

ಅಮ್ಮ ಆ ಗೆರೆಯನ್ನು ಅಳಿಸಿದಳು. ಹ್ಯಾಂಡಲ್ ಶುರುವಾಗುವಲ್ಲಿ ಒಂದು ಚುಕ್ಕಿ ಇಟ್ಟಳು, ಬಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು. ನಡುವಿನದನ್ನು ಹಿಡಿದು ಮೆಲ್ಲಗೆ ಎಳೆದಳು. ಗೆರೆ ಬಾಗಿತು. ಬಾಗಿ ಬಾಗಿ, ಆಡಿನ ಕೊಂಬಾಯಿತು.

ಅವಸರಮ್ಮ ಸ್ಟೂಲಿನಿಂದ ಎದ್ದಾಗ ಅವಳ ಅಂಗೈ ತುಂಬ ಬೆತ್ತದ ಹೆಣಿಗೆಯ ಅಚ್ಚು ಬಿದ್ದಿತ್ತು.

ಶುಕ್ರವಾರ ಅವಳು ಸ್ಕೂಲಿನಿಂದ ಬರುವ ಹೊತ್ತಿಗೆ ಹ್ಯಾಂಡಲಿನ ಮೇಲೆ ಹೊಸದಾಗಿ ಒಂದು ಬೆಲ್ ಕೂತಿತ್ತು.

“ಇದ್ಯಾವಾಗ ಬಂತಮ್ಮ?”

“ಬೆಳಗ್ಗೆ ತಾತ ಬಂದಿದ್ರು. ಬೆಲ್ ಇಲ್ದೆ ಬೀದಿಗೆ ಹೇಗೆ ಬಿಡೋದು ಅಂದ್ರು. ಅವರು ಕೂತಿದ್ದ ಹಾಗೇ ಹಾಕಿಕೊಟ್ಟೆ. ಇನ್ನು ಕಟಿಂಗಿಗೆ ಕಳಿಸೋದೊಂದೇ.”

ಬೆಲ್ ಒಂದು ಕಡೆಗೆ ವಾಲಿತ್ತು. ಅದನ್ನು ನೆಟ್ಟಗೆ ಮಾಡಲು ಒಂದೇ ಕ್ಲಿಕ್ ಸಾಕು. ಅವಸರಮ್ಮನ ಬೆರಳುಗಳು ಮೇಜಿನ ಅಂಚಿನವರೆಗೆ ಹೋದವು. ಅವಳು ಅವನ್ನು ವಾಪಸ್ ಕರೆದುಕೊಂಡು ಸ್ಟೂಲಿನ ಮೇಲೆ ಕೂತಳು, ಅಂಗೈ ಕೆಳಗೆ, ಅವಳು ಮೇಲೆ.

“ಯಾಕೆ ಹಾಗೆ ಕೂತಿದ್ದೀಯ?”

“ಕೈ ತಣ್ಣಗಾಗಿದೆ ಅಮ್ಮ.”

ತಲೆಯ ಮೇಲೆ ಫ್ಯಾನು ಬಿಸಿಗಾಳಿ ಬೀಸುತ್ತಿತ್ತು. ಅಮ್ಮ ಮಗಳ ಹಣೆಯ ಬೆವರನ್ನು ನೋಡಿದಳು. ಪರದೆಯತ್ತ ತಿರುಗಿ ಕಣ್ಣು ಕಿರಿದು ಮಾಡಿದಳು.

“ಬೆಲ್ ಸ್ವಲ್ಪ ವಾಲಿದೆ, ಅಲ್ವಾ?”

“ಹೂಂ,” ಎಂದಳು ಅವಸರಮ್ಮ. ಅಷ್ಟೇ ಎಂದಳು.

ಅಮ್ಮ ಹುಡುಕಿದಳು. ಸಿಕ್ಕಿತು. ಬೆಲ್ ನೆಟ್ಟಗಾಯಿತು. ಆಮೇಲೆ ಡ್ರಾಯರಿನಿಂದ ‘ಹ್ಯಾಂಡಲ್’ ಕಾರ್ಡು ತೆಗೆದು, ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದು, ಬುಧವಾರದಿಂದ ತಾನೇ ಮಾಡಿ ಬರೆದಿದ್ದ ಎಂಟು ಸಾಲುಗಳ ಕೆಳಗೆ ಒಂಬತ್ತನೇ ಸಾಲು ಬರೆದುಕೊಂಡಳು.